ಮಂಗ ಬಿದ್ದಿದೆಯೇ ಎಂದು ಮೊದಲು ಕೇಳಿ

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಸುತ್ತ ಜೀಪು ಓಡಿಸಲು ಚಳಿಗಾಲವೇ ಸರಿ ಎಂದು ಆಫ್‌ರೋಡ್ ಕ್ಲಬ್ಬಿನ ಗೆಳೆಯರು ಬಹಳ ದಿನದಿಂದ ಹೇಳುತ್ತಿದ್ದರು. ಅವರ ಮಾತಿನಲ್ಲಿ ಹುರುಳಿದೆ. ಮಳೆಗಾಲದಲ್ಲಿ ಸೊರಬದ ಕೆಂಪು ಜೇಡಿಯಲ್ಲಿ ಗಾಡಿ ಹೂತರೆ ಎಳೆಯಲು ಬಂದ ಟ್ರ್ಯಾಕ್ಟರೂ ಪಕ್ಕದಲ್ಲೇ ಹೂತುಕೊಳ್ಳುತ್ತದೆ. ಬೇಸಿಗೆಯಲ್ಲಿ ಬರೀ ಧೂಳು. ಡಿಸೆಂಬರ್, ಜನವರಿಯಲ್ಲಿ ಮಾತ್ರ ಹಳ್ಳಗಳಲ್ಲಿ ನೀರು ಇನ್ನೂ ಹರಿಯುತ್ತಿರುತ್ತದೆ, ಮಳೆಯಲ್ಲಿ ಟ್ರ್ಯಾಕ್ಟರ್ ಚಕ್ರಗಳು ಕೊರೆದ ಕೊರಕಲು ಒಣಗಿ ಕಲ್ಲಾಗಿರುತ್ತದೆ, ಇಂಬಳದ ಕಾಟ ಮುಗಿದಿರುತ್ತದೆ. ಗಾಡಿಗೂ ಕಷ್ಟ, ಓಡಿಸುವವನಿಗೂ ಕಷ್ಟ. ಆದರೆ ದಾಟಲಾಗದ ಕಷ್ಟವಲ್ಲ. ಆಫ್‌ರೋಡ್ ಹುಚ್ಚಿನವರಿಗೆ ಬೇಕಾದದ್ದು ಅಷ್ಟೇ.

ದಾರಿ ನೋಡಿ ಬರಲು ಅವರು ಹೊರಟಾಗ ಹಳೆಯ ಜಿಪ್ಸಿಯೊಂದರ ಹಿಂದಿನ ಸೀಟಿನಲ್ಲಿ ನಾನೂ ಕೂತೆ. ಅದು ಡ್ರೈವ್ ಅಲ್ಲ, ತಯಾರಿ. ಯಾವ ಹಳ್ಳ ಎಷ್ಟು ಆಳ, ಎಲ್ಲಿ ಗಾಡಿ ತಿರುಗಿಸಲು ಜಾಗವಿದೆ, ಸಿಕ್ಕಿಹಾಕಿಕೊಂಡರೆ ಎಲ್ಲಿ ನಿಂತು ಎಳೆಯಬೇಕು ಎಂಬುದನ್ನೆಲ್ಲ ಕಾಲಿನಲ್ಲಿ ನಡೆದು, ಕೋಲಿನಲ್ಲಿ ಅಳೆದು ಬರೆದುಕೊಳ್ಳುವ ಕೆಲಸ. ಈ ಕೆಲಸದಲ್ಲಿ ಅವರು ತೋರಿಸುವ ಶ್ರದ್ಧೆ ನನಗೆ ಬಹಳ ಇಷ್ಟ. ಯೂಟ್ಯೂಬಿನಲ್ಲಿ ಕಾಣುವ ಕೆಸರೆರಚಾಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಒಂದು ಕೆರೆಯ ಕೋಡಿಯ ಬಳಿ ನಿಂತಿದ್ದೆವು. ಸೊರಬ ಕೆರೆಗಳ ಸೀಮೆ. ಯಾವ ದಿಕ್ಕಿಗೆ ಹೋದರೂ ಒಂದು ಏರಿ, ಒಂದು ಕೋಡಿ ಎದುರಾಗುತ್ತದೆ. ಹಳೆಯ ಏರಿಯ ಮೇಲೆ ಭಾರದ ಗಾಡಿಗಳ ಸಾಲು ಹೋಗಬಾರದು ಎಂದು ಕ್ಲಬ್ಬಿನವರು ಮೊದಲೇ ತೀರ್ಮಾನಿಸಿದ್ದರು. ಹಾಗಾಗಿ ಕೋಡಿಯ ಕೆಳಗೆ ಹಳ್ಳಕ್ಕೆ ಇಳಿದು ದಾಟಬೇಕು. ಪಾಚಿ ಹಿಡಿದ ಹಾಸುಗಲ್ಲು, ಅದರ ಮೇಲೆ ಗೇಣುದ್ದ ನೀರು, ಆಚೆ ದಂಡೆಯಲ್ಲಿ ಎರಡಾಳೆತ್ತರದ ಜಂಬಿಟ್ಟಿಗೆಯ ಏರು. ಟೈರಿನ ಗಾಳಿ ಹದಿನೆಂಟಕ್ಕೆ ಇಳಿಸಿ ಲೋ ಗೇರಿನಲ್ಲಿ ಹತ್ತಿಸಬಹುದು, ಹತ್ತದಿದ್ದರೆ ಮೇಲಿನ ಮತ್ತಿಮರಕ್ಕೆ ಅಗಲದ ಬೆಲ್ಟು ಸುತ್ತಿ ವಿಂಚಿನಿಂದ ಎಳೆಯಬಹುದು ಎಂದು ಲೆಕ್ಕ ಹಾಕುತ್ತಿದ್ದರು. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ದರಕಿನ, ಅಂದರೆ ಒಣಗಿದ ಎಲೆಯ, ಹೊರೆ ಹೊತ್ತು ಬಂದ ಅಜ್ಜ ಹೊರೆ ಇಳಿಸಿ, ಬೆವರು ಒರೆಸಿಕೊಂಡು, ಗಾಡಿಯನ್ನೂ ಹಗ್ಗವನ್ನೂ ನೋಡಿದರು. ಕೇಳಿದ್ದು ಬೇರೆಯೇ.

"ತಮಾ, ಗಾಡಿ ಮಾತು ಆಮೇಲೆ. ಈ ಸಲ ಎಲ್ಲಾದ್ರೂ ಮಂಗ ಬಿದ್ದಿದಾವಾ ಅಂತ ಕೇಳ್ಕಂಡ್ರಾ?"

ಯಾರೂ ಕೇಳಿರಲಿಲ್ಲ. ಅಜ್ಜ ಮತ್ತಿಮರದ ಬುಡ ತೋರಿಸಿದರು. "ಅಲ್ಲಿ ಮಂಡಿ ಊರಿ ಬೆಲ್ಟ್ ಕಟ್ತ್ರಿ. ದರಕಿನ ತುಂಬ ಉಣುಗು. ಗಾಡಿಗೆಂತ ಆಗ್ತದೆ? ಆಗೋದು ನಿಮಗೆ."

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಗ ಬಿತ್ತು ಎಂದರೆ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಹತ್ತಿರ ಬಂತು ಎಂದೇ ಅರ್ಥ. ಆದರೆ ಬೆಂಗಳೂರು, ಹುಬ್ಬಳ್ಳಿಯಿಂದ ದೊಡ್ಡ ಚಕ್ರದ ಥಾರ್ ತೆಗೆದುಕೊಂಡು ಬರುವ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರ ತಯಾರಿಯ ಪಟ್ಟಿಯಲ್ಲಿ ಶ್ಯಾಕಲ್, ಕೈನೆಟಿಕ್ ಹಗ್ಗ, ಕಂಪ್ರೆಸರ್, ವಾಕಿಟಾಕಿ ಎಲ್ಲ ಇರುತ್ತದೆ. ಉಣುಗಿನ ಹೆಸರು ಇರುವುದಿಲ್ಲ. ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರನ್ನು ಹೊತ್ತ ಕಾಯಿಲೆ ಇದು. ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಕ್ಯಾಸನೂರು ಇದೆ. ಚಂದ್ರಗುತ್ತಿಯ ಗುಡ್ಡ ಹತ್ತಲು ಬರುವವನಿಗೆ ಮಾತ್ರ ಅದು ಎಲ್ಲೋ ದೂರದ ಹೆಸರು.

1957ರಲ್ಲಿ ಸೊರಬ, ಸಾಗರದ ಕಾಡಂಚಿನ ಹಳ್ಳಿಗಳಲ್ಲಿ ಜನರಿಗೆ ಏಕಾಏಕಿ ಜ್ವರ, ತಡೆಯಲಾರದ ತಲೆನೋವು, ಮೈಕೈ ನೋವು. ಕಾಡಿನಲ್ಲಿ ಮುಸಿಯ, ಮಂಗಗಳು ಸಾಲುಸಾಲಾಗಿ ಸತ್ತು ಬೀಳುತ್ತಿದ್ದವು. ಪುಣೆಯಲ್ಲಿ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ತಂಡ ಇಲ್ಲಿಗೆ ಬಂತು. ಮಂಗಗಳು ಸಾಯುತ್ತಿವೆ ಎಂದ ಕೂಡಲೇ ಅವರಿಗೆ ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕದ ಆ ಕಾಯಿಲೆ ಏಷ್ಯಾಕ್ಕೆ ಕಾಲಿಟ್ಟಿದ್ದರೆ ಗತಿ ಏನು ಎಂಬ ಆತಂಕ. ಸತ್ತ ಮಂಗದಿಂದ ತೆಗೆದ ವೈರಸ್ಸನ್ನು ಪರೀಕ್ಷಿಸಿದಾಗ ಅದು ಹಳದಿ ಜ್ವರವಾಗಿರಲಿಲ್ಲ. ಅದರ ಹತ್ತಿರದ ನೆಂಟ ಇದ್ದದ್ದು ರಷ್ಯಾದಲ್ಲಿ, ಸೈಬೀರಿಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್!

ಇಲ್ಲಿಂದ ಮುಂದಿನ ಕಥೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಸೈಬೀರಿಯಾದ ನೆಂಟ ಸೊರಬಕ್ಕೆ ಬಂದದ್ದು ಹೇಗೆ? ಪ್ರತಿ ಚಳಿಗಾಲದಲ್ಲಿ ಉತ್ತರದಿಂದ ಬರುವ ವಲಸೆ ಹಕ್ಕಿಗಳ ಮೈಗೆ ಉಣುಗು ಅಂಟಿಕೊಂಡು ಬಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. 1959ರಲ್ಲಿ ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡುವ ಕೆಲಸ ಆರಂಭಿಸಿತು. ನಮ್ಮ ದೇಶದಲ್ಲಿ ಹಕ್ಕಿಗಳ ವಲಸೆಯ ಬಗ್ಗೆ ಅಷ್ಟು ದೊಡ್ಡ ಪ್ರಮಾಣದ ಅಧ್ಯಯನ ಅದಕ್ಕೆ ಮೊದಲು ನಡೆದಿರಲಿಲ್ಲ. ಮುಂದೆ ಅಮೆರಿಕದ ಸೈನ್ಯಕ್ಕೆ ಸಂಬಂಧಿಸಿದ ಹಣವೂ ಈ ಕೆಲಸಕ್ಕೆ ಬಂದು, ರೋಗಾಣು ಯುದ್ಧಕ್ಕೆ ಹಕ್ಕಿಗಳನ್ನು ಬಳಸುವ ಹುನ್ನಾರವೇ ಎಂಬ ಗದ್ದಲ 1970ರ ದಶಕದಲ್ಲಿ ದೆಹಲಿಯವರೆಗೂ ಹೋಯಿತು. ವೈರಸ್ಸನ್ನು ಹಕ್ಕಿಗಳೇ ತಂದವು ಎಂಬುದು ಕೊನೆಗೂ ಸಾಬೀತಾಗಲಿಲ್ಲ. ಆದರೆ ಸೊರಬದ ಕಾಡಂಚಿನ ಹಳ್ಳಿಗಳ ಜ್ವರದಿಂದಾಗಿ ಭಾರತದ ಹಕ್ಕಿಗಳ ದಾರಿ ನಮಗೆ ತಿಳಿಯಿತು. ಗುಡವಿಯ ಪಕ್ಷಿಧಾಮ ಇದೇ ತಾಲ್ಲೂಕಿನಲ್ಲಿದೆ, ಬನವಾಸಿ ದಾರಿಯಲ್ಲಿ. ಬೈನಾಕ್ಯುಲರ್ ಹಿಡಿದು ಅಲ್ಲಿಗೆ ಬರುವವರಿಗೆ ಈ ಕಥೆಯನ್ನು ಹೇಳುವ ಒಂದು ಫಲಕವಾದರೂ ಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮತ್ತೆ ಚಂದ್ರಗುತ್ತಿಗೆ ಬರೋಣ. ಅದರ ಚರಿತ್ರೆ ಓದುಗರಿಗೆ ಗೊತ್ತಿರುವುದೇ. ಕದಂಬರ ಸೀಮೆ, 14ನೇ ಶತಮಾನದಲ್ಲಿ ವಿಜಯನಗರದ ಹರಿಹರನ ತಮ್ಮ ಮಾರಪ್ಪ ಇಲ್ಲಿಂದ ಆಳಿದ, ಆಮೇಲೆ ಮಾಧವ ಮಂತ್ರಿ, ಆಮೇಲೆ ಕೆಳದಿಯವರು. ಸಮುದ್ರ ಮಟ್ಟದಿಂದ ಸುಮಾರು 2,800 ಅಡಿ ಎತ್ತರದ ಗುಡ್ಡ, ಮೇಲೆ ಕೋಟೆಯ ಅವಶೇಷ, ಕೆಳಗೆ ಬಂಡೆಯ ಗುಹೆಯಲ್ಲಿ ರೇಣುಕಾಂಬೆ. ರೇಣುಕಾಂಬೆಗೆ ಸಲ್ಲುತ್ತಿದ್ದ ಬೆತ್ತಲೆ ಸೇವೆ, ಅದರ ಬಗ್ಗೆ 1986ರಲ್ಲಿ ಎದ್ದ ಗಲಭೆ, ಆಮೇಲಿನ ನಿಷೇಧದ ಮೂಲಕವೇ ಹೊರಗಿನವರು ಈ ಊರನ್ನು ನೆನಪಿಟ್ಟುಕೊಂಡಿದ್ದಾರೆ. ಅದು ಊರಿಗೆ ಆದ ಅನ್ಯಾಯ ಎಂದೇ ನನ್ನ ಭಾವನೆ. ಕೋಟೆಯ ಗುಡ್ಡಕ್ಕೆ ಚಕ್ರ ಹತ್ತಿಸುವ ಮಾತೇ ಕ್ಲಬ್ಬಿನ ಯೋಜನೆಯಲ್ಲಿಲ್ಲ. ಅಲ್ಲಿಗೆ ನಡೆದೇ ಹೋಗಬೇಕು.

ಹಾಗಾದರೆ ಗಾಡಿ ಎಲ್ಲಿ ಹೋಗಬೇಕು? ಕಾನಿನೊಳಗೆ, ಅಂದರೆ ಹಳ್ಳಿಯಂಚಿನ ದಟ್ಟ ಹಸಿರು ಕಾಡಿನೊಳಗೆ, ಬೇಡ ಎಂದು ನಾನು ಹಟ ಹಿಡಿದೆ. ಸೊರಬದ ಕಾನುಗಳನ್ನು 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಎಣಿಸಿ ಬರೆದಿಟ್ಟಿದ್ದಾರೆ: 171 ಕಾನು, 32 ಸಾವಿರ ಎಕರೆಗೂ ಮಿಕ್ಕಿದ ನೆಲ. ಮೆಣಸಿನ ಬಳ್ಳಿ, ಬೈನೆ ಮರ, ದೇವರ ಬನ, ವರ್ಷವಿಡೀ ತೇವ ಆರದ ಮಣ್ಣು. ಈಗ ಉಳಿದಿರುವುದು ತುಂಡು ತುಂಡು. ಆ ತೇವದ ನೆಲದ ಮೇಲೆ ಹತ್ತು ಗಾಡಿ ಒಮ್ಮೆ ಹೋದರೆ ಮುಂದಿನ ಮಳೆಗೆ ಚಕ್ರದ ಜಾಡೇ ಕಾಲುವೆಯಾಗುತ್ತದೆ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಗಾಡಿ ಒಯ್ಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಗದ್ದೆಗೂ ಇಳಿಯುವಂತಿಲ್ಲ. ಕೊಯ್ಲಾಗಿ ಬರಿದಾಗಿದೆ ಎಂದು ಪೇಟೆಯವರಿಗೆ ಕಾಣುತ್ತದೆ. ಒಡೆದ ಬದು ಕಟ್ಟಬೇಕಾದವನು ರೈತ.

ಉಳಿದದ್ದು ಹಳೆಯ ಗಾಡಿದಾರಿಗಳು, ಬ್ಯಾಣ ಎನ್ನುವ ಜಂಬಿಟ್ಟಿಗೆಯ ಹುಲ್ಲುಗಾವಲುಗಳು, ಹಳ್ಳದ ಹಾಯಿಗಡಗಳು. ಎತ್ತಿನ ಗಾಡಿ ತುಳಿದ ಆ ಜಾಡಿನಲ್ಲಿ ಹಳೆಯ ಜೀಪು, ಜಿಪ್ಸಿಗಳು ಕೂರುವಷ್ಟು ಚೆನ್ನಾಗಿ ಹೊಸ ಗಾಡಿಗಳು ಕೂರುವುದಿಲ್ಲ. 2020ರ ಥಾರ್‌ನ ಎರಡು ಚಕ್ರಗಳ ನಡುವಿನ ಅಂತರ ಒಂದೂವರೆ ಮೀಟರಿಗೂ ಸ್ವಲ್ಪ ಹೆಚ್ಚು. ಒಂದು ಚಕ್ರ ಜಾಡಿನಲ್ಲಿ, ಇನ್ನೊಂದು ದಿಣ್ಣೆಯ ಮೇಲೆ. 226 ಮಿಲಿಮೀಟರ್ ನೆಲದಂತರ, 650 ಮಿಲಿಮೀಟರ್ ನೀರು ದಾಟುವ ಶಕ್ತಿ ಎಂದು ಕಂಪನಿ ಹೇಳುವುದು ನಿಜವೇ, ಆದರೆ ಪಾಚಿಗಲ್ಲಿನ ಮೇಲೆ ಹಗುರ ಗಾಡಿಗಿರುವ ಅನುಕೂಲ ಭಾರದ ಗಾಡಿಗೆ ಇಲ್ಲ. ವಿಂಚಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಕೊಡಚಾದ್ರಿಯ ಬಾಡಿಗೆ ಜೀಪಿನ ಚಾಲಕರು ವಿಂಚಿಲ್ಲದೆ ಮಳೆಯಲ್ಲೂ ಜನರನ್ನು ಹತ್ತಿಸಿ ಇಳಿಸುತ್ತಾರೆ. ಕ್ಲಬ್ಬಿನವರು ಅವರಲ್ಲೊಬ್ಬರನ್ನು ಕರೆಸಿ ಎರಡು ಗಂಟೆ ಪಾಠ ಹೇಳಿಸಿಕೊಂಡರೆ ಸಾವಿರಾರು ರೂಪಾಯಿಯ ಸಾಮಾನಿಗಿಂತ ಹೆಚ್ಚು ಪ್ರಯೋಜನ ಎಂದು ಹೇಳಿದ್ದೇನೆ.

ಅಜ್ಜನ ಮಾತಿನ ನಂತರ ಯೋಜನೆಯ ಹಾಳೆ ಪೂರ್ತಿ ತಿದ್ದಿಸಿಕೊಂಡಿತು. ಕಾಯಿಲೆಯ ಕಾಲ ನವೆಂಬರಿನಿಂದ ಮೇ ತನಕ, ಅಂದರೆ ಗಾಡಿ ಓಡಿಸಲು ಹೇಳಿಮಾಡಿಸಿದ ಕಾಲವೇ. ಸಾಸಿವೆಗಿಂತ ಸಣ್ಣ ಮರಿ ಉಣುಗುಗಳು ದರಕಿನಲ್ಲಿ, ಮೊಣಕಾಲೆತ್ತರದ ಪೊದೆಯಲ್ಲಿ ಕಾದಿರುತ್ತವೆ. ಸೀಟಿನಲ್ಲಿ ಕೂತವನಿಗೆ ಅಪಾಯ ಕಡಿಮೆ. ಆದರೆ ಆಫ್‌ರೋಡಿನಲ್ಲಿ ಸೀಟಿನಲ್ಲಿ ಕೂರುವವರು ಯಾರು? ಒಬ್ಬ ಇಳಿದು ದಾರಿ ತೋರಿಸುತ್ತಾನೆ, ಒಬ್ಬ ಗಾಡಿಯಡಿ ಮಲಗಿ ಶ್ಯಾಕಲ್ ಸಿಕ್ಕಿಸುತ್ತಾನೆ, ಉಳಿದವರು ಮರದ ನೆರಳಲ್ಲಿ ದರಕಿನ ಮೇಲೆ ಕೂತು ಅವಲಕ್ಕಿ ತಿನ್ನುತ್ತಾರೆ. ಮೂರೂ ತಪ್ಪು. ಹಾಗಾಗಿ ಗಾಡಿ ಸಿಕ್ಕಿಕೊಳ್ಳಬಹುದಾದ ಜಾಗಗಳನ್ನೆಲ್ಲ ಬಯಲಿಗೆ ತಂದರು. ಮತ್ತಿಮರದ ಏರು ಕೈಬಿಟ್ಟು ಕೋಡಿಯ ಕೆಳಗೆ ಬರೀ ಬಂಡೆಯಿರುವ ಕಡೆ ದಾಟುವುದೆಂದಾಯಿತು. ಊಟ ಊರಿನ ಕಣದಲ್ಲಿ. ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ, ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ. ಸಂಜೆ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಈ ಕಾಯಿಲೆಗೆಂದೇ ಔಷಧಿ ಇಲ್ಲ, ಹಳೆಯ ಲಸಿಕೆಯೂ 2022ರಿಂದ ನಿಂತಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಮನೆಗಳಲ್ಲಿ ಸಾವು ಕಂಡವರ ಮುಂದೆ ಇದನ್ನು ಅತಿ ಎಚ್ಚರ ಎನ್ನುವ ಧೈರ್ಯ ಯಾರಿಗೂ ಬಾರದು.

ದರಕಿನಿಂದ ಇನ್ನೊಂದು ಅಪಾಯವಿದೆ, ಅದನ್ನು ಹೇಳಿದ್ದು ಕ್ಲಬ್ಬಿನ ಮೆಕ್ಯಾನಿಕ್. ಜನವರಿಯಲ್ಲಿ ಒಣಗಿದ ಎಲೆ ಗಾಡಿಯಡಿಯ ತಗಡಿನ ಮೇಲೆ ಸೇರಿಕೊಂಡು ಸೈಲೆನ್ಸರಿನ ಕಾವಿಗೆ ಹೊತ್ತಿಕೊಳ್ಳುತ್ತದೆ. ಅರಣ್ಯ ಇಲಾಖೆ ಬೆಂಕಿರೇಖೆ ಸವರುವ ದಿನಗಳಲ್ಲಿ ನಾವೇ ಕಿಡಿ ಹೊತ್ತು ತಿರುಗುವುದೇ? ಪ್ರತಿ ನಿಲುಗಡೆಯಲ್ಲೂ ಬಗ್ಗಿ ನೋಡಿ ಎಲೆ ತೆಗೆಯಬೇಕು, ಎಲ್ಲ ಗಾಡಿಯಲ್ಲೂ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು ಎಂದು ಬರೆದುಕೊಂಡರು.

ದಾರಿಯ ಹೆಸರು, ಹಳ್ಳಿಗಳ ಹೆಸರು ಇಲ್ಲಿ ಹಾಕಿಲ್ಲ, ಬೇಕೆಂದೇ. ಹಾಕಿದರೆ ಮುಂದಿನ ಭಾನುವಾರವೇ ತಯಾರಿಯಿಲ್ಲದ ಗಾಡಿಗಳು ಬರುತ್ತವೆ. ಕ್ಲಬ್ಬಿನವರು ಮಂಜು ಕರಗಿದ ಮೇಲೆ ಒಂಬತ್ತೂವರೆಗೆ ಹೊರಟು, ಮೂರು ಗಂಟೆಗೆ ಎಲ್ಲಿದ್ದರೂ ವಾಪಸು ತಿರುಗಿ, ಕತ್ತಲಾಗುವ ಮೊದಲು ಟಾರು ರಸ್ತೆ ಸೇರಬೇಕು ಎಂದಿದ್ದಾರೆ. ದಿನಾಂಕ ಮಾತ್ರ ಖಾಲಿ ಬಿಟ್ಟಿದ್ದಾರೆ. ಹಿಂದಿನ ದಿನ ಆ ಭಾಗದ ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಫೋನು ಮಾಡುವುದು, ಐದು ಕಿಲೋಮೀಟರಿನೊಳಗೆ ಒಂದೇ ಒಂದು ಮಂಗ ಸತ್ತ ಸುದ್ದಿ ಇದ್ದರೂ ಡ್ರೈವ್ ರದ್ದು ಮಾಡಿ ಅಡುಗೆಯವರಿಗೆ ಪೂರ್ತಿ ದುಡ್ಡು ಕೊಡುವುದು. ಹೋಗಿ ಬಂದ ಮೇಲೆ ಹತ್ತು ದಿನದೊಳಗೆ ಯಾರಿಗಾದರೂ ಜ್ವರ ಬಂದರೆ, ಬೆಂಗಳೂರಿನ ವೈದ್ಯರು ಡೆಂಗಿ ಎಂದುಕೊಳ್ಳುವ ಮೊದಲು, ಸೊರಬದ ಕಾಡಂಚಿಗೆ ಹೋಗಿದ್ದೆ ಎಂದು ಬಾಯಿಬಿಟ್ಟು ಹೇಳಬೇಕು. ಈ ಸಾಲನ್ನು ಹಾಳೆಯ ತುದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚುಹಾಕಿಸಿ, ಹೆಸರು ಕೊಟ್ಟ ಎಲ್ಲರಿಂದಲೂ ಸಹಿ ಪಡೆಯುತ್ತಿದ್ದಾರೆ.