ಕನಸೆಂದು ಗೊತ್ತಿರುವ ಕನಸಿನ ಆಯುಸ್ಸು

ಪ್ರಶ್ನೆ: ‘ಇದು ಕನಸು’ ಎಂದು ಕನಸಿನೊಳಗೇ ಗೊತ್ತಾಗುವುದುಂಟಲ್ಲ, ಅಂಥ ಕನಸು ಎಷ್ಟು ಹೊತ್ತು ಇರಬಲ್ಲದು?

ಉತ್ತರ: ಸಾಮಾನ್ಯವಾಗಿ ಕೆಲವೇ ನಿಮಿಷ. ಇಂಥ ಕನಸು ಹೆಚ್ಚಾಗಿ ಬೀಳುವುದು, ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ‘ರೆಮ್’ ನಿದ್ರೆಯಲ್ಲಿ. ರಾತ್ರಿಯ ಮೊದಲ ರೆಮ್ ಸುಮಾರು 10 ನಿಮಿಷದ್ದು. ಬೆಳಗಿನ ಜಾವಕ್ಕೆ ಅದು ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಕನಸಿನ ಗರಿಷ್ಠ ಮಿತಿಯೂ ಹೆಚ್ಚುಕಡಿಮೆ ಅದೇ. ಆದರೆ ಅರಿವು ಅಷ್ಟು ಹೊತ್ತು ನಿಲ್ಲುವುದು ಅಪರೂಪ: ಖುಷಿಗೆ ಎಚ್ಚರವಾಗಿಬಿಡುತ್ತದೆ, ಇಲ್ಲವೇ ಅರಿವು ಮಾಸಿ ಮಾಮೂಲಿ ಕನಸು ಮುಂದುವರಿಯುತ್ತದೆ.

ಇದನ್ನು ಅಳೆದದ್ದು ಹೇಗೆ? ರೆಮ್‌ನಲ್ಲಿ ಕೈಕಾಲು ಆಡದಿದ್ದರೂ ಕಣ್ಣು ಆಡುತ್ತದೆ. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್, ಬಳಿಕ ಅಮೆರಿಕದ ಸ್ಟೀಫನ್ ಲಾಬರ್ಜ್ ಈ ದಾರಿ ಹಿಡಿದರು. ಕನಸು ಕಾಣುವವರು ಮೊದಲೇ ಮಾತಾದಂತೆ ಕಣ್ಣನ್ನು ಎಡಬಲಕ್ಕೆ ಹೊರಳಿಸಿ ಸನ್ನೆ ಕೊಡುತ್ತಾರೆ. ಯಂತ್ರ ಅದನ್ನು ದಾಖಲಿಸುತ್ತದೆ. ಲಾಬರ್ಜ್ ಪ್ರಯೋಗದಲ್ಲಿ ಹತ್ತು ಸೆಕೆಂಡು ಎಣಿಸಲು ಕನಸಿನಲ್ಲಿ ಹಿಡಿದ ಹೊತ್ತು ಎಚ್ಚರದಲ್ಲಿ ಹಿಡಿದಷ್ಟೇ. ಮುಂದೆ ಜರ್ಮನಿಯ ಸಂಶೋಧಕರು ಬಸ್ಕಿ ಹೊಡೆಸಿ ನೋಡಿದಾಗ ಕನಸಿನಲ್ಲೇ ಹೆಚ್ಚು ಹೊತ್ತು ಹಿಡಿಯಿತು. ಹಾಗಾಗಿ ಅರೆಗಳಿಗೆಯ ಕನಸಿನಲ್ಲಿ ವರ್ಷಗಳು ಕಳೆದಂತೆ ಅನ್ನಿಸಿದರೆ, ಅದು ದೃಶ್ಯಗಳು ಸಿನಿಮಾದಂತೆ ಥಟ್ಟನೆ ಬದಲಾಗುವುದರ ಪರಿಣಾಮವಿರಬಹುದು.