ಕತ್ತರಿ ಹಿಡಿದ ಚಿತ್ರಕಾರ

೧೯೪೧ರ ಜನವರಿಯಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಪ್ರಸಿದ್ಧ ಚಿತ್ರಕಾರ ಆನ್ರಿ ಮಾತೀಸನಿಗೆ ಕರುಳಿನ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಆಗ ವಯಸ್ಸು ಎಪ್ಪತ್ತೊಂದು. ಜೀವವೇನೋ ಉಳಿಯಿತು; ಹೊಟ್ಟೆಯ ಸ್ನಾಯುಗಳು ಮಾತ್ರ ಮೊದಲಿನ ಬಲ ಪಡೆಯಲಿಲ್ಲ, ನೋವು ಬಿಡಲಿಲ್ಲ. ಚಿತ್ರಫಲಕದೆದುರು ಹೆಚ್ಚು ಹೊತ್ತು ನಿಲ್ಲುವುದು ಅಸಾಧ್ಯವಾಯಿತು.

ಆತ ಕತ್ತರಿ ಹಿಡಿದ. ಸಹಾಯಕಿಯರು ಕಾಗದಕ್ಕೆ ಬಣ್ಣ ಬಳಿದು ಕೊಡುವರು. ಆತ ಹಾಸಿಗೆಯಲ್ಲಿಯೋ ಗಾಲಿಕುರ್ಚಿಯಲ್ಲಿಯೋ ಕುಳಿತು ಎಲೆ, ಹಕ್ಕಿ, ಕಡಲಪಾಚಿಗಳ ಆಕಾರ ಕತ್ತರಿಸುವನು. ಅವರು ಹೇಳಿದೆಡೆ ಗೋಡೆಗೆ ಚುಚ್ಚುವರು. ನೋವೇ ಈ ಕಲೆಯನ್ನು ಹೆತ್ತಿತೆನ್ನುವವರುಂಟು. ಅದು ನೋವಿಗೆ ಸಲ್ಲದ ಗೌರವ. ಬಣ್ಣದ ಕಾಗದ ಕತ್ತರಿಸಿ ವಿನ್ಯಾಸ ಹೂಡುವುದನ್ನು ಆತ ಸುಮಾರು ಹತ್ತು ವರ್ಷ ಮೊದಲೇ, ಅಮೆರಿಕದ ಬಾರ್ನ್ಸ್ ಪ್ರತಿಷ್ಠಾನದ ಭಿತ್ತಿಚಿತ್ರಕ್ಕಾಗಿ, ರೂಢಿಸಿಕೊಂಡಿದ್ದ.

೧೯೫೧ರಲ್ಲಿ ಪೂರ್ಣಗೊಂಡ ವಾನ್ಸ್ ಊರಿನ ಪ್ರಾರ್ಥನಾಮಂದಿರಕ್ಕೂ ಹೀಗೆಯೇ: ಉದ್ದನೆಯ ಕೋಲಿನ ತುದಿಗೆ ಇದ್ದಿಲು ಕಟ್ಟಿ ಗೆರೆಗಳನ್ನು ಅಭ್ಯಾಸ ಮಾಡಿದ.