ಆಟದ ಬಯಲಿನಿಂದ ನ್ಯಾಯಪೀಠಕ್ಕೆ

ಅಮೆರಿಕದ ಫುಟ್‌ಬಾಲು ನಾವಾಡುವ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದೋಡುವ, ಎದುರಾಳಿಯನ್ನು ಮೈಯಿಂದಲೇ ತಡೆದು ಕೆಡಹುವ ಆಟ. ಪೆಟ್ಟುಗಳಿಂದ ಶರೀರವು ಬೇಗನೆ ಜರ್ಜರಿತವಾಗುವುದರಿಂದ ವೃತ್ತಿ ಆಟಗಾರನ ಕೀರ್ತಿಗೆ ಆಯುಷ್ಯ ಕಡಮೆ. ಅನಂತರದ ಬಾಳಿಗೆ ಆಸರೆ ಯಾವುದು?

ಅಲನ್ ಪೇಜ್ ಅವರ ಜೀವನವು ಇದಕ್ಕೆ ಉತ್ತರವೀಯುತ್ತದೆ. 1945ರಲ್ಲಿ ಒಹೈಯೊ ರಾಜ್ಯದ ಕ್ಯಾಂಟನ್ನಿನಲ್ಲಿ ಜನಿಸಿದ ಇವರು 1967ರಲ್ಲಿ ಮಿನೆಸೋಟ ವೈಕಿಂಗ್ಸ್ ತಂಡವನ್ನು ಸೇರಿದರು. 1971ರಲ್ಲಿ ವರ್ಷದ ಶ್ರೇಷ್ಠ ಆಟಗಾರರೆನಿಸಿದರು; ರಕ್ಷಣೆಯ ಸಾಲಿನ ಆಟಗಾರರೊಬ್ಬರಿಗೆ ಆ ಗೌರವ ಸಂದುದು ಅದೇ ಮೊದಲು. ಆದರೂ ಅವರು ಪುಸ್ತಕವನ್ನು ಕೆಳಗಿಡಲಿಲ್ಲ. ಆಡುತ್ತಲೇ ವ್ಯಾಸಂಗ ಮಾಡಿ 1978ರಲ್ಲಿ ಕಾನೂನು ಪದವಿ ಪಡೆದರು. 1993ರಿಂದ 2015ರವರೆಗೆ ಮಿನೆಸೋಟದ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದರು. ಆ ಪೀಠವನ್ನೇರಿದ ಆಫ್ರಿಕನ್ ಮೂಲದವರಲ್ಲಿ ಇವರೇ ಮೊದಲಿಗರು.

ನಮ್ಮಲ್ಲಿಯೂ ಆಟದ ಬಯಲನ್ನು ಮೆಚ್ಚುವವರು ಹಲವರು. ಮನದಣಿಯೆ ಆಡೋಣ, ಆಟ ಮುಗಿದ ಮೇಲಿನ ಬಾಳಿಗೆ ಆಡುವಾಗಲೇ ಅಣಿಯಾಗೋಣ.